ಬರಿಗಾಲಿನ ಬಡಾಯಿ

ಹೋದ ಮಳೆಗಾಲದಲ್ಲಿ ನಮ್ಮ ಟೀಮಿನವರೆಲ್ಲ ಸೇರಿ ಮಲೆನಾಡಿನ ಒಂದು ಹೋಮ್‌ಸ್ಟೇಗೆ ಹೋಗಿದ್ವಿ. ಎರಡನೇ ದಿನದ ಕಾರ್ಯಕ್ರಮ 'ನಾಟಿ ಅನುಭವ'. ತಲೆಗಿಷ್ಟು ಅಂತ ದುಡ್ಡು ಕೊಟ್ಟು ಗದ್ದೆಗಿಳಿಯೋದು, ಕೆಸರಲ್ಲಿ ಹಗ್ಗಜಗ್ಗಾಟ ಆಡೋದು, ನಾಲ್ಕು ಸಸಿ ನೆಟ್ಟು ನಲವತ್ತು ಫೋಟೋ ತೆಗೆಸಿಕೊಳ್ಳೋದು. ಎಲ್ಲ ಮುಗಿದ ಮೇಲೆ ಸಹೋದ್ಯೋಗಿಯೊಬ್ಬ ಕಾಲು ತೊಳೆಯುತ್ತಾ, "ನೀನು ಪುಣ್ಯವಂತ ಕಣೋ. ಬರಿಗಾಲಲ್ಲಿ ಮಣ್ಣಲ್ಲೇ ಬೆಳೆದವನು. ಅದಕ್ಕೇ ನಿಂಗೆ ಅಲರ್ಜಿ ಇಲ್ಲ, ಏನಿಲ್ಲ. ನಮ್ಮ ಮಕ್ಕಳು ನೋಡು, ಸ್ಯಾನಿಟೈಸರ್‌ನಲ್ಲೇ ಹುಟ್ಟಿದವು" ಅಂದ.

ನಾನೂ ಹಲ್ಲು ಕಿರಿದೆ. ಇಂಥ ಮಾತಿಗೆ ಉಬ್ಬೋದು ನನಗೇನು ಹೊಸದಲ್ಲ. 'ಮಣ್ಣಲ್ಲಿ ಆಡಿ ಬೆಳೆದವರು ನಾವು' ಅಂತ ನಾನೇ ನಾಲ್ಕಾರು ಪೋಸ್ಟ್ ಹಾಕಿ ಲೈಕ್ ಗಿಟ್ಟಿಸಿದ್ದೇನೆ. ಆದರೆ ಅವತ್ತು ನಮ್ಮ ಆಟಕ್ಕೆಂದು ಸಸಿ ಕಿತ್ತು ಕಟ್ಟು ಕಟ್ಟಿಕೊಟ್ಟ ಹೆಂಗಸೊಬ್ಬರು ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ಏದುಸಿರು ಬಿಡುತ್ತಿದ್ದರು. ಮುಖ ಬಿಳುಚಿಕೊಂಡಿತ್ತು. ಆ ಬಿಳುಪು ನನಗೆ ಗೊತ್ತು. ಎಷ್ಟೋ ವರ್ಷ ನಮ್ಮವ್ವನ ಮುಖ ಅದೇ ಬಣ್ಣದಲ್ಲಿತ್ತು.

ನಾನು ಪಿಯುಸಿಯಲ್ಲಿದ್ದಾಗ ಅವ್ವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಸ್ವಂತದ್ದು ಅರ್ಧ ಎಕರೆ ಗದ್ದೆ, ಉಳಿದಂತೆ ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ. ನೀರಿನ ಕೊಡ ಹೊತ್ತು ದಿಬ್ಬ ಹತ್ತುವಾಗ ಮೂರು ಸಲ ಕೊಡ ಇಳಿಸುತ್ತಿದ್ದಳು. ಕೆಲಸವಿಲ್ಲದ ದಿನ ಜಗಲಿ ಮೇಲೆ ಬಿದ್ದುಕೊಂಡರೆ ಏಳುತ್ತಿರಲಿಲ್ಲ. "ಇವಳಿಗೆ ಮೈಗಳ್ಳತನ" ಅಂತ ಅಜ್ಜಿ. "ಊರಿನ ಹೆಂಗಸರೆಲ್ಲ ಮಾಡಲ್ವಾ ಕೆಲಸ?" ಅಂತ ಅಪ್ಪ. ನಾನೇನು ಕಮ್ಮಿ? ಊಟಕ್ಕೆ ತಡವಾಯ್ತು ಅಂತ ಒಂದು ದಿನ "ಯಾವಾಗ ನೋಡಿದ್ರೂ ಮಲಗೇ ಇರ್ತೀಯಲ್ಲ ಅವ್ವ" ಅಂದಿದ್ದೆ. ಅವಳು ಏನೂ ಹೇಳದೆ ಎದ್ದು ಬಡಿಸಿದಳು.

ಅವಳ ಸೆರಗಿನ ಗಂಟಲ್ಲಿ ಯಾವಾಗಲೂ ಒಂದು ಹೆಂಚಿನ ಚೂರು ಇರುತ್ತಿತ್ತು. ಯಾರೂ ನೋಡದಾಗ ಕಡಿಯುತ್ತಿದ್ದಳು. ಮೊದಲ ಮಳೆಗೆ ನೆನೆದ ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೈಯಲ್ಲಿ ಕಬ್ಬಿಣಾಂಶ ತಳ ಕಂಡಾಗ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನ್ನಿಸಬಹುದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ನಾವು ಸ್ಟೇಟಸ್ ಹಾಕುವ 'ಮಣ್ಣಿನ ಘಮ'ವನ್ನು ನಮ್ಮವ್ವ ತಿನ್ನುತ್ತಿದ್ದಳು.

ಒಂದು ದಿನ ತೋಟದಲ್ಲೇ ತಲೆಸುತ್ತಿ ಬಿದ್ದಳು. ಆಸ್ಪತ್ರೆಗೆ ಹೊತ್ತುಕೊಂಡು ಹೋದ್ವಿ. ಹಿಮೋಗ್ಲೋಬಿನ್ 5.2. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರು ಮೊದಲು ಕೇಳಿದ್ದು, "ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗ್ತೀರೇನಮ್ಮ?" ರಕ್ತ ಇಲ್ಲ ಅಂತ ಬಂದರೆ ಇವರು ಚಪ್ಪಲಿ ವಿಚಾರ ಕೇಳ್ತಾರಲ್ಲ ಅಂತ ಅಪ್ಪನಿಗೆ ಸಿಟ್ಟು. ಮಲಪರೀಕ್ಷೆಗೆ ಡಬ್ಬಿ ಕೈಗೆ ಕೊಟ್ಟಾಗ ಅವ್ವ ನಾಚಿಕೆಯಿಂದ ನೆಲ ನೋಡುತ್ತಾ ನಿಂತುಬಿಟ್ಟಳು. ಪರೀಕ್ಷೆಯಲ್ಲಿ ಸಿಕ್ಕಿದ್ದು ಕೊಕ್ಕೆಹುಳುವಿನ ಮೊಟ್ಟೆಗಳು, ರಾಶಿ ರಾಶಿ.

ನಮ್ಮೂರಲ್ಲಿ ಹೊಟ್ಟೆಹುಳ ಅಂದರೆ ಮಕ್ಕಳ ವಿಷಯ. ಬೆಲ್ಲ ತಿಂದರೆ ಹುಳ ಆಗ್ತವೆ, ಅಜ್ಜಿ ಹರಳೆಣ್ಣೆ ಕುಡಿಸಿದರೆ ಹೋಗ್ತವೆ, ಅಷ್ಟೆ. ಬೆಲ್ಲದಿಂದ ಯಾವ ಹುಳವೂ ಹುಟ್ಟೋದಿಲ್ಲ ಸ್ವಾಮಿ. ಅದು ಬರೋದು ಇನ್ನೊಬ್ಬರ ಮಲ ಬಿದ್ದ ಮಣ್ಣಿನಿಂದ. ಇದನ್ನು ನಯವಾಗಿ ಹೇಳೋಕೆ ನನಗೆ ಬರೋದಿಲ್ಲ.

ದುಂಡುಹುಳುಗಳ ಸಂಸಾರ ದೊಡ್ಡದು. ಅದರಲ್ಲಿ ಆಸ್ಕರಿಸ್ ಅನ್ನೋದರ ಹೆಣ್ಣು ಒಂದು ಅಡಿ ಉದ್ದ ಬೆಳೆಯಬಲ್ಲದು, ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತು, ಕೈಗೋ ಸೊಪ್ಪಿಗೋ ಅಂಟಿಕೊಂಡು ಬಾಯಿಗೆ ಬರುತ್ತದೆ. ಕರುಳಿನಲ್ಲಿ ಮರಿ ಒಡೆದು ರಕ್ತಕ್ಕೆ ಸೇರಿ, ಯಕೃತ್ತು ದಾಟಿ, ಶ್ವಾಸಕೋಶ ಹೊಕ್ಕು, ಗಂಟಲಿಗೆ ಹತ್ತಿ, ಅಲ್ಲಿಂದ ನುಂಗಿಸಿಕೊಂಡು ಮತ್ತೆ ಕರುಳಿಗೇ ಬಂದು ನೆಲೆಯೂರುತ್ತದೆ. ಮಗು ತಿಂದ ಅನ್ನದಲ್ಲಿ ಅದಕ್ಕೂ ಪಾಲು. ಹುಳ ಜಾಸ್ತಿಯಾದರೆ ಕರುಳೇ ಕಟ್ಟಿಕೊಳ್ಳಬಹುದು.

ಕೊಕ್ಕೆಹುಳುವಿಗೆ ಬಾಯಿಯೂ ಬೇಕಿಲ್ಲ, ಬರಿಗಾಲು ಸಾಕು. ಇದನ್ನು ಕಂಡುಹಿಡಿದದ್ದೂ ಆಕಸ್ಮಿಕವೇ. 1890ರ ದಶಕದಲ್ಲಿ ಕೈರೋದಲ್ಲಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಮರಿಹುಳಗಳಿದ್ದ ನೀರು ಚೆಲ್ಲಿತು. ಚರ್ಮ ಕೆಂಪಾಗಿ ತುರಿಸಿತು. ಆಮೇಲೆ ನೋಡಿದರೆ ಆತನ ಮಲದಲ್ಲೇ ಹುಳದ ಮೊಟ್ಟೆಗಳು. ತೇವ ಮತ್ತು ನೆರಳು ಇರುವ ಸಡಿಲ ಮಣ್ಣಿನಲ್ಲಿ ಇದರ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಐದರಿಂದ ಹತ್ತು ದಿನದಲ್ಲಿ ಮರಿ ಚರ್ಮ ಕೊರೆಯಲು ತಯಾರು. ಆಮೇಲೆ ವಾತಾವರಣ ಹಿತವಾಗಿದ್ದರೆ ಮೂರ್ನಾಲ್ಕು ವಾರ ಕಾಲಿಗಾಗಿ ಕಾಯುತ್ತದೆ. ತೇವ, ನೆರಳು, ಸಡಿಲ ಮಣ್ಣು ಅಂದರೆ ಏನು ಹೇಳಿ? ಮಲೆನಾಡಿನ ಯಾವುದೇ ತೋಟ. ನಮ್ಮ ಕೇರಿಯವರು ಬೆಳಿಗ್ಗೆ ಚೊಂಬು ಹಿಡಿದು ಹೋಗುತ್ತಿದ್ದದ್ದೂ ಅದೇ ತೋಟದ ಅಂಚಿಗೆ.

ಕಾಲಿನಿಂದ ಹೊಕ್ಕ ಮರಿ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲ ದಾರಿಯಲ್ಲಿ ಕರುಳಿಗಿಳಿದು, ಅಲ್ಲಿ ಕಚ್ಚಿಕೊಳ್ಳುತ್ತದೆ. ಉದ್ದ ಒಂದು ಸೆಂಟಿಮೀಟರ್ ಅಷ್ಟೆ. ಇದರಲ್ಲಿ ಒಂದು ಜಾತಿ ದಿನಕ್ಕೆ ಕಳೆಯುವ ರಕ್ತ ಹುಳಕ್ಕೆ ಸುಮಾರು 0.03 ಮಿಲಿಲೀಟರ್. ಇನ್ನೊಂದು ಜಾತಿ ಅದರ ಐದಾರು ಪಟ್ಟು. ಕಮ್ಮಿ ಕುಡಿಯೋದನ್ನೇ ಹಿಡಿದು ಲೆಕ್ಕ ಹಾಕಿ. ನೂರು ಹುಳ ಇದ್ದರೆ ದಿನಕ್ಕೆ 3 ಮಿಲಿಲೀಟರ್. ನಾಲ್ಕು ತಿಂಗಳಿಗೆ ಸುಮಾರು 350, ಅಂದರೆ ನಾವು ಆಫೀಸಿನ ಶಿಬಿರದಲ್ಲಿ ದಾನ ಮಾಡುವ ಒಂದು ಬಾಟಲಿ. ನಮಗೆ ಅವತ್ತು ಜ್ಯೂಸು, ಬಿಸ್ಕತ್ತು, ಸರ್ಟಿಫಿಕೇಟು ಸಿಗುತ್ತದೆ. ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ ಸೂಜಿ ಕೂಡ ಚುಚ್ಚೋದಿಲ್ಲ. ಅವ್ವ ವರ್ಷಕ್ಕೆ ಮೂರು ಬಾಟಲಿ ಕೊಡುತ್ತಿದ್ದಳು, ಮುಟ್ಟಿನ ರಕ್ತ ಬಿಟ್ಟು, ಗಂಜಿ ಉಪ್ಪಿನಕಾಯಿ ಉಂಡುಕೊಂಡು. ನಮ್ಮ ಭಾಷೆಯಲ್ಲಿ ಇದು ಮೆಮೊರಿ ಲೀಕ್. ಸರ್ವರ್ ಒಂದೇ ಸಲ ಬೀಳೋದಿಲ್ಲ, ದಿನದಿನಕ್ಕೆ ನಿಧಾನವಾಗುತ್ತೆ. ನಾವು ಸರ್ವರನ್ನೇ ಬೈತೀವಿ.

ಇನ್ನೊಂದು ಮಾತು. ಕೊಕ್ಕೆಹುಳು ಮೈಯೊಳಗೆ ಮರಿ ಹಾಕಿ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳೋದಿಲ್ಲ. ಒಳಗಿರುವ ಒಂದೊಂದು ಹುಳವೂ ಹೊರಗಿನ ಮಣ್ಣಿನಿಂದಲೇ ಬಂದದ್ದು. ಅವ್ವ ಬರಿಗಾಲಲ್ಲಿ ದುಡಿದ ದಿನಗಳ ಲೆಕ್ಕವನ್ನು ಅವಳ ಕರುಳು ಇಟ್ಟುಕೊಂಡಿತ್ತು.

ರಕ್ತ ಇಲ್ಲದವರನ್ನು ಮೈಗಳ್ಳರು ಅನ್ನೋ ಚಾಳಿ ನಮ್ಮೂರಿನದ್ದು ಮಾತ್ರ ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರನ್ನೂ ಸೋಮಾರಿಗಳು ಅಂತಲೇ ಆಡಿಕೊಳ್ಳುತ್ತಿದ್ದರು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ, ಇವರಿಗಿರೋದು ಕೊಕ್ಕೆಹುಳು ಅಂದಾಗ ಪತ್ರಿಕೆಗಳು ಅದನ್ನೇ ತಮಾಷೆ ಮಾಡಿ 'ಸೋಮಾರಿತನದ ಕ್ರಿಮಿ' ಸಿಕ್ಕಿತು ಅಂತ ಬರೆದವು. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಆಯೋಗ ಮಾಡಿಸಿದ. ಪರೀಕ್ಷೆ ಮಾಡಿದರೆ ಅಲ್ಲಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು 40% ಮಂದಿಗೆ ಹುಳ. ಔಷಧಿ ಕೊಟ್ಟರು, ಕಕ್ಕಸು ಕಟ್ಟಿಸಲು ಹೇಳಿದರು. ರೋಗ ಹೆಚ್ಚಿದ್ದ ಕಡೆಗಳಲ್ಲಿ ಆಮೇಲೆ ಮಕ್ಕಳು ಶಾಲೆಗೆ ಬರೋದೂ ಓದು ಕಲಿಯೋದೂ ಹೆಚ್ಚಾಯಿತು ಅಂತ ಹೋಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಲೆಕ್ಕ ಸಮೇತ ತೋರಿಸಿದ್ದಾರೆ.

ಈಗ ನನ್ನ ಗೆಳೆಯ ಸುಮ್ಮನಿರೋದಿಲ್ಲ, ಗೊತ್ತು. "ಕೊಳೆ ಇಲ್ಲದಿದ್ರೆ ಅಲರ್ಜಿ ಬರುತ್ತೆ ಅನ್ನೋದು ಸೈನ್ಸೇ ಹೇಳಿದೆ" ಅಂತಾನೆ. ಹೇಳಿದ್ದೇನು ನೋಡೋಣ. 1989ರಲ್ಲಿ ಡೇವಿಡ್ ಸ್ಟ್ರಾಕನ್ ಬ್ರಿಟನ್ನಿನಲ್ಲಿ ಗಮನಿಸಿದ್ದು, ಅಣ್ಣ ಅಕ್ಕಂದಿರು ಹೆಚ್ಚಿದ್ದ ಮಕ್ಕಳಿಗೆ ಪರಾಗದ ಅಲರ್ಜಿ ಕಮ್ಮಿ ಅಂತ. ಅದರಲ್ಲಿ ಬರಿಗಾಲಿನ ಮಾತಿಲ್ಲ. ಕೊಕ್ಕೆಹುಳುವಿನಿಂದ ಅಸ್ತಮಾ, ಕರುಳಿನ ರೋಗ ಹತೋಟಿಗೆ ಬರುತ್ತಾ ಅಂತ ಪ್ರಯೋಗಗಳೂ ನಡೆದಿವೆ. ಅಲ್ಲಿ ಒಪ್ಪಿ ಬಂದವರಿಗೆ ಮರಿಹುಳ ಎಣಿಸಿ ಬಿಡುತ್ತಾರೆ, ಪಕ್ಕದಲ್ಲಿ ಡಾಕ್ಟರು ಇರುತ್ತಾರೆ. ಅಷ್ಟಾದರೂ ಅದು ಒಪ್ಪಿತ ಚಿಕಿತ್ಸೆಯಾಗಿಲ್ಲ. ನಮ್ಮವ್ವನಿಗೆ ಯಾರೂ ಎಣಿಸಿ ಬಿಡಲಿಲ್ಲ, ಯಾರೂ ಒಪ್ಪಿಗೆ ಕೇಳಲಿಲ್ಲ. ಮಕ್ಕಳು ಮಣ್ಣಲ್ಲಿ ಆಡಲಿ, ಬೇಡ ಅನ್ನೋದಿಲ್ಲ. ಮಲ ಬೀಳದ ಮಣ್ಣಲ್ಲಿ ಆಡಲಿ, ಆಡಿ ಬಂದು ಸೋಪು ಹಾಕಿ ಕೈ ತೊಳೆಯಲಿ. ನಿಮ್ಮ ಅಪಾರ್ಟ್‌ಮೆಂಟಿನ ಲಾನು ಮತ್ತು ನಮ್ಮ ಕೇರಿಯ ತೋಟದಂಚು, ಎರಡನ್ನೂ 'ಮಣ್ಣು' ಅನ್ನೋ ಒಂದೇ ಮಾತಲ್ಲಿ ಹೊಗಳಬೇಡಿ.

ನಮ್ಮ ಬರಿಗಾಲು ನಾವು ಆರಿಸಿಕೊಂಡದ್ದೂ ಆಗಿರಲಿಲ್ಲ. ಒಡೆಯರ ಅಂಗಳಕ್ಕೆ ಕೂಲಿಯವರು ಚಪ್ಪಲಿ ಮೆಟ್ಟಿಕೊಂಡು ಹೋಗೋ ಹಾಗಿರಲಿಲ್ಲ. ಬೇಲಿಯಲ್ಲೇ ಬಿಡಬೇಕು. ಬಿಟ್ಟು ಹೋಗೋದಾದರೆ ಹಾಕಿಕೊಂಡು ಬರೋದಾದ್ರೂ ಯಾಕೆ ಅಂತ ಅವ್ವ ಮನೆಯಲ್ಲೇ ಬಿಡುತ್ತಿದ್ದಳು.

"ಈಗ ಕಾಲ ಬದಲಾಗಿದೆಯಲ್ಲ?" ಬದಲಾಗಿದೆ. ಊರಿಗೆ ಶೌಚಾಲಯ ಬಂದಿವೆ. 2015ರಿಂದ ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳು. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಆ ದಿನ ಬಂದರೆ "ಇದು ನಮ್ಮ ಮಕ್ಕಳಿಗಲ್ಲ, ಸ್ಲಮ್ಮಿನವರಿಗೆ" ಅಂತ ಮೆಸೇಜು ಹರಿದಾಡುತ್ತದೆ. ಅದೇ ಗ್ರೂಪಿನಲ್ಲಿ ಮಾರನೇ ವಾರ ಪರಂಗಿ ಬೀಜದ ಡಿಟಾಕ್ಸ್ ಪುಡಿಗೆ ಆರ್ಡರ್ ಸೇರಿಸುತ್ತಾರೆ!

ಆದರೆ ಮಾತ್ರೆ ಕೊಲ್ಲೋದು ಇವತ್ತು ಒಳಗಿರುವ ಹುಳವನ್ನು. ನಾಳೆ ಅದೇ ದಾರಿಯಲ್ಲಿ ಬರಿಗಾಲಲ್ಲಿ ನಡೆದರೆ ಮತ್ತೆ ಬರುತ್ತವೆ. ಹತ್ತೊಂಬತ್ತು ದಾಟಿದ ಕೂಲಿ ಹೆಂಗಸು, ಗರ್ಭಿಣಿಯಾಗಿದ್ದರೆ ಬೇರೆ ಮಾತು, ಆ ಶಾಲೆಯ ಪಟ್ಟಿಯಲ್ಲೂ ಇಲ್ಲ. ಮನೆಯಲ್ಲಿ ಶೌಚಾಲಯ ಇದ್ದರೂ ಬೆಳಿಗ್ಗೆಯಿಂದ ಸಂಜೆವರೆಗೆ ತೋಟದಲ್ಲಿರುವವಳು ಎಲ್ಲಿಗೆ ಹೋಗಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಎಲ್ಲವೂ ಹುಳದಿಂದ ಅಲ್ಲ, ತಟ್ಟೆಯಲ್ಲಿ ಇಲ್ಲದ್ದೂ ಕಾರಣ. ಆದರೆ ಇದ್ದ ನಾಲ್ಕು ಹನಿಯನ್ನೂ ಹುಳಕ್ಕೆ ಬಿಟ್ಟುಕೊಡುವಷ್ಟು ರಕ್ತ ಯಾರ ಮೈಯಲ್ಲಿದೆ?

ಹಾಗಾಗಿ ನಾನು ಕೇಳೋದು ಇಷ್ಟೇ. ನಿಮ್ಮ ಊರಲ್ಲಿ ತೋಟ ಇದ್ದರೆ ಕೆಲಸದವರಿಗೆ ಗಮ್‌ಬೂಟು ಕೊಡಿಸಿ, ತೋಟದ ಹತ್ತಿರ ಒಂದು ಶೌಚಾಲಯ ಕಟ್ಟಿಸಿ. ಬೋನಸ್ಸಿನಲ್ಲಿ ಕೊಳ್ಳುವ ಹೊಸ ಫೋನಿಗಿಂತ ದುಬಾರಿಯಾಗೋದಿಲ್ಲ. ಮನೆಕೆಲಸಕ್ಕೆ ಬರುವ ಅಕ್ಕ "ಸುಸ್ತು" ಅಂದರೆ ರಜ ಲೆಕ್ಕ ಹಾಕೋ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಗದ್ದೆಗಿಳಿದು ಫೋಟೋ ಹಾಕುವಾಗ 'ಇಮ್ಯೂನಿಟಿ' ಅಂತ ಮಾತ್ರ ಬರೀಬೇಡಿ. ಮಣ್ಣಿನಿಂದ ಗಟ್ಟಿಯಾದೆವು ಅನ್ನೋರು ನಾವು, ಬಿಟ್ಟು ಬಂದವರು. ಅಲ್ಲೇ ಉಳಿದವರನ್ನು ಕೇಳಿ.

ಎರಡು ಬಾಟಲಿ ರಕ್ತ, ಹುಳದ ಮಾತ್ರೆ, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಆದಮೇಲೆ ಅವ್ವ ಕೊಡ ಇಳಿಸದೆ ದಿಬ್ಬ ಹತ್ತಿದಳು. ಹೆಂಚಿನ ಚೂರಿನ ಆಸೆ ತಾನಾಗೇ ಹೋಯಿತು. ನನ್ನ ಮೊದಲ ಸಂಬಳದಲ್ಲಿ ಗಮ್‌ಬೂಟು ತಗೊಂಡು ಹೋದಾಗ, "ಇದೆಂಥದು ಮಾರಾಯ, ಪೊಲೀಸರ ಹಂಗೆ" ಅಂತ ನಕ್ಕಳು. ಕೇರಿಯವರೂ ನಕ್ಕರು. ಆದರೂ ಹಾಕಿಕೊಂಡಳು. ಈಗ ಮೂರನೇ ಜೊತೆ ಸವೆಯುತ್ತಿದೆ. ಅವತ್ತು ಊಟದ ಹೊತ್ತಿನಲ್ಲಿ ನಾನಂದ ಮಾತಿಗೆ ಇನ್ನೂ ಕ್ಷಮೆ ಕೇಳಿಲ್ಲ. ಈ ಸಲ ಊರಿಗೆ ಹೋದಾಗ ಕೇಳಬೇಕು.