ಮಾಳಿಗಿ ಸೋರಿದ್ದು ಕನ್ನಡದಲ್ಲಿ, ಪ್ರೀತಿ ಮಾಡಿದ್ದು ಹಿಂದಿಯಲ್ಲಿ

ಕನ್ನಡದ ಹುಡುಗರ ಬ್ಯಾಂಡು ಅಂತ ಮಾತು ಶುರುವಾದ್ರೆ ಒಂದು ಆಲ್ಬಮ್ ಹೆಸರು ಬಂದೇ ಬರುತ್ತೆ. 2008ರಲ್ಲಿ ಬಂದ ‘ರಘು ದೀಕ್ಷಿತ್’. ಹಾಡಿದವರ ಹೆಸರೇ ಆಲ್ಬಮ್ಮಿಗೂ. ಆಗ ನಮ್ಮಲ್ಲಿ ಬಹಳಷ್ಟು ಜನ ಇನ್ನೂ ಅಂಗನವಾಡಿ ವಯಸ್ಸಿನವರು. ಆದ್ರೂ ಇವತ್ತಿಗೂ ಹಾಸ್ಟೆಲ್‌ನಲ್ಲಿ ಯಾರಾದ್ರೂ ಗಿಟಾರ್ ಕೈಗೆತ್ತಿಕೊಂಡ್ರೆ ನಾಲ್ಕನೇ ಹಾಡೋ ಐದನೇ ಹಾಡೋ ಇದರದ್ದೇ ಆಗಿರುತ್ತೆ. ಇದು ಒಳ್ಳೆಯ ಆಲ್ಬಮ್, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಇದರಲ್ಲೊಂದು ಕೊರತೆ ಇದೆ. ಅದೇ ಕೊರತೆ ನಮ್ಮ ಫೆಸ್ಟ್ ಸ್ಟೇಜಿನ ಮೇಲೂ ಇರೋದ್ರಿಂದ ಬಾಯಿಬಿಟ್ಟು ಹೇಳಬೇಕು ಅನ್ಸುತ್ತೆ.

ಮೊದಲು ಹೊಗಳಿಕೆ. ರಘು ದೀಕ್ಷಿತ್ ಮೈಸೂರಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಕಲಿತಿದ್ದು ಭರತನಾಟ್ಯ, ಹಿಡಿದಿದ್ದು ಗಿಟಾರ್. ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಕಟ್ಟಿಕೊಂಡು ವರ್ಷಗಟ್ಟಲೆ ಹಾಡಿದ್ರೂ ಆಲ್ಬಮ್ ತರೋಕೆ ಯಾವ ಕಂಪನಿಯೂ ಮುಂದೆ ಬರಲಿಲ್ಲ. ಕೊನೆಗೆ ಮುಂಬೈಯಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೇಳಿ, ಮೆಚ್ಚಿ, ತಮ್ಮದೇ ಲೇಬಲ್‌ನಿಂದ ಹೊರತಂದರು. ಸಿನಿಮಾ ಇಲ್ಲ, ಹೀರೋ ಇಲ್ಲ, ಇಂಟ್ರೊಡಕ್ಷನ್ ಸಾಂಗ್ ಇಲ್ಲ. ನಮ್ಮಲ್ಲಿ ಹಾಡು ಅಂದ್ರೆ ಒಂದೋ ಸಿನಿಮಾ ಹಾಡು, ಇಲ್ಲಾ ಭಾವಗೀತೆ. ಮೂರನೇ ದಾರಿಯೂ ಇದೆ ಅಂತ ನಮ್ಮ ತಲೆಮಾರಿಗೆ ತೋರಿಸಿದ್ದು ಈ ಆಲ್ಬಮ್.

ಇದರಲ್ಲಿರೋ ಕನ್ನಡ ಹಾಡುಗಳು ಎರಡು: ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಎರಡೂ ಶಿಶುನಾಳ ಶರೀಫರ ತತ್ವಪದ. ಶರೀಫರು (1819–1889) ನಮಗೇನು ದೂರದವರಲ್ಲ. ಹರಿಹರದಲ್ಲಿ ತುಂಗಭದ್ರೆ ಸೇತುವೆ ದಾಟಿದ್ರೆ ಹಾವೇರಿ ಜಿಲ್ಲೆ, ಅದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ಶಿಶುನಾಳ. ನಮ್ಮ ಅಜ್ಜ ಅಜ್ಜಿಯರಿಗೆ ಈ ಪದಗಳು ಭಜನೆಯಲ್ಲಿ ಗೊತ್ತು. ಅಪ್ಪ ಅಮ್ಮನಿಗೆ ಸಿ. ಅಶ್ವತ್ಥ್ ದನಿಯಲ್ಲಿ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ ಗೊತ್ತು. ನಮಗೆ ಗೊತ್ತಾಗಿದ್ದು ಗಿಟಾರಿನ ಜೊತೆ.

“ಶರೀಫರನ್ನ ಪಾಪ್ ಮಾಡಿಬಿಟ್ರು” ಅಂತ ಬೈಯೋರು ಇದ್ದಾರೆ. ನಾನು ಒಪ್ಪಲ್ಲ. ತತ್ವಪದ ಹುಟ್ಟಿದ್ದೇ ಜನರ ಕೈಗೆ ಸಿಕ್ಕ ವಾದ್ಯದ ಜೊತೆ, ಏಕತಾರಿ, ದಮ್ಮಡಿ, ತಾಳ. ಇವತ್ತು ಹುಡುಗರ ಕೈಗೆ ಸಿಗೋದು ಗಿಟಾರು, ಅಷ್ಟೇ ವ್ಯತ್ಯಾಸ. ಮುಖ್ಯವಾದ್ದು ಮಾತು ಕೇಳಿಸುತ್ತಾ ಇಲ್ವಾ ಅನ್ನೋದು. ಇಲ್ಲಿ ಕೇಳಿಸುತ್ತೆ. ಗಿಟಾರು, ಪಿಟೀಲು, ಡ್ರಮ್ಸ್ ಎಲ್ಲ ಇದ್ರೂ ಯಾವುದೂ ಸಾಲಿನ ಮೇಲೆ ಹತ್ತಿ ಕೂರಲ್ಲ. ಹುಕ್ಕಾ ಸೇದೋ ಮಾತಲ್ಲಿ ಶರೀಫರು ಮನಸ್ಸಿನ ರೋಗದ ಕತೆ ಹೇಳ್ತಿದ್ದಾರೆ ಅಂತ ಎರಡನೇ ಸಲ ಕೇಳೋವಾಗ ತಾನಾಗೇ ಹೊಳೆಯುತ್ತೆ.

ನನಗೆ ಇನ್ನೂ ಇಷ್ಟ ಆಗಿದ್ದು ಒಂದು ಸಣ್ಣ ವಿಷಯ. ಮೈಸೂರಿನ ಹುಡುಗ ‘ಮನಿ’ಯನ್ನ ‘ಮನೆ’ ಮಾಡಲಿಲ್ಲ, ‘ಮಾಳಿಗಿ’ಯನ್ನ ‘ಮಾಳಿಗೆ’ ಮಾಡಲಿಲ್ಲ. ಪದ ಹೇಗಿತ್ತೋ ಹಾಗೇ ಹಾಡಿದ್ರು. ಅದೇ ಉಚ್ಚಾರ ಇಂಗ್ಲೆಂಡಿನ ವೇದಿಕೆಗಳವರೆಗೂ ಹೋಯ್ತು. ಇದು ನಮಗೆ ಯಾಕೆ ಮುಖ್ಯ ಅಂದ್ರೆ, ದಾವಣಗೆರೆಯೋರು ನಾವು ‘ಮನಿಗೆ ಹೋಗ್ತೀನಿ’, ‘ಐತೆ’ ಅನ್ನೋದನ್ನ ಬೆಂಗಳೂರಿನ ಇಂಟರ್ನ್‌ಶಿಪ್‌ಗೆ ಹೋದ ಮೊದಲ ವಾರದಲ್ಲೇ ನುಂಗಿಕೊಳ್ತೀವಿ. ಯಾರಾದ್ರೂ ನಗ್ತಾರೇನೋ ಅನ್ನೋ ಭಯ. ನಾವು ಮುಚ್ಚಿಡೋ ‘ಮನಿ’ಯನ್ನ ಅವರು ಎದೆ ಎತ್ತಿ ಹಾಡಿದ್ದಾರೆ.

ಈಗ ಕೊರತೆ. ಆಲ್ಬಮ್ಮಿನ ಉಳಿದ ಹಾಡುಗಳ ಭಾಷೆ ನೋಡಿ. ದೇವರನ್ನ ಕರೆದು ಇನ್ನೊಂದು ಅವಕಾಶ ಕೇಳೋದು ‘ಹೇ ಭಗವಾನ್’, ಹಿಂದಿ. ಪ್ರೀತಿಯಲ್ಲಿ ನನ್ನಂಥೋನು ಸಿಗಲ್ಲ ಅನ್ನೋಕೆ ಇಂಗ್ಲಿಷು. ಎಲ್ಲಕ್ಕಿಂತ ತಮಾಷೆ, ಮೈಸೂರಿಂದ ಬಂದ ಹುಡುಗಿಯ ಮೇಲಿನ ಹಾಡು ‘ಮೈಸೂರ್ ಸೇ ಆಯೀ’, ಅದೂ ಹಿಂದಿ! ಅಂದ್ರೆ ಇವತ್ತಿನ ಹುಡುಗನ ಆಸೆ, ಪ್ರೀತಿ ಎಲ್ಲ ಬೇರೆ ಭಾಷೆಗೆ ಹೋಯ್ತು. ಕನ್ನಡಕ್ಕೆ ಉಳಿದಿದ್ದು ನೂರು ವರ್ಷಕ್ಕೂ ಹಿಂದೆ ತೀರಿಹೋದ ಸಂತರ ತತ್ವ. ಕನ್ನಡವನ್ನ ದೇವರ ಕೋಣೆಯಲ್ಲಿ ಕೂರಿಸಿ ಕೈ ಮುಗಿದು, ನಡುಮನೆಯಲ್ಲಿ ಹಿಂದಿ ಮಾತಾಡಿದ ಹಾಗೆ.

ಮಾರ್ಕೆಟ್ ಹಾಗಿತ್ತು ಅನ್ನಬಹುದು. ಮುಂಬೈಯ ಲೇಬಲ್ಲು, ದೇಶ ಪೂರ್ತಿ ಕೇಳುಗರು, ಹಿಂದಿ ಬೇಕಿತ್ತು. ನಿಜ ಇರಬಹುದು. ಆದ್ರೆ 2010ರಲ್ಲಿ ಇದೇ ರಘು ದೀಕ್ಷಿತ್ ‘ಜಸ್ಟ್ ಮಾತ್ ಮಾತಲ್ಲಿ’ ಸಿನಿಮಾಕ್ಕೆ ಸಂಗೀತ ಕೊಟ್ಟರು. ‘ಮುಂಜಾನೆ ಮಂಜಲ್ಲಿ’ ಕೇಳಿದೋರಿಗೆ ಗೊತ್ತು, ಈಗಿನ ಕನ್ನಡದಲ್ಲಿ ಈಗಿನ ಪ್ರೀತಿ ಅವರ ರಾಗಕ್ಕೆ ಎಷ್ಟು ಸಲೀಸಾಗಿ ಕೂರುತ್ತೆ ಅಂತ. ಸಿನಿಮಾದಲ್ಲಿ ಆಗಿದ್ದು ಸ್ವಂತ ಆಲ್ಬಮ್ಮಿನಲ್ಲಿ ಯಾಕೆ ಆಗಲಿಲ್ಲ? 2013ರ ‘ಜಗ್ ಚಂಗಾ’ದಲ್ಲೂ ಮತ್ತೆ ಶರೀಫರೇ, ‘ಲೋಕದ ಕಾಳಜಿ’. ಚೆನ್ನಾಗಿದೆ, ಆದ್ರೆ ಮತ್ತೆ ಸಾಲ ತಂದ ಮಾತು.

ಈಗ ನಮ್ಮ ಕಡೆ ತಿರುಗೋಣ. ನವೆಂಬರ್ ಬಂತು ಅಂದ್ರೆ ಶಲ್ಯ ಹಾಕಿಕೊಂಡು ಭಾವಗೀತೆ ಹಾಡ್ತೀವಿ. ಫೆಸ್ಟ್ ಬಂತು ಅಂದ್ರೆ ಹಿಂದಿ, ಇಂಗ್ಲಿಷ್ ಕವರ್‌ಗಳು, ಕನ್ನಡದ ಪಾಲಿಗೆ ಒಂದು ಹಾಡು, ಅದೂ ಹಳೇದು. ರ‍್ಯಾಪ್ ಮಾಡೋ ಆಲ್ ಓಕೆ, ಚಂದನ್ ಶೆಟ್ಟಿಯಂಥವರು ತಮ್ಮ ಮಾತನ್ನ ತಾವೇ ಕನ್ನಡದಲ್ಲಿ ಬರೆದುಕೊಂಡರು. ಸಾಹಿತ್ಯದ ಬಗ್ಗೆ ನಿಮ್ಮ ತಕರಾರು ಏನೇ ಇರಲಿ, ಆ ಧೈರ್ಯ ಒಪ್ಪಬೇಕು. ಗಿಟಾರ್ ಹಿಡಿದ ನಾವು ಮಾತ್ರ ಇನ್ನೂ ಯಾರದೋ ಪದಕ್ಕೆ ಕಾಯ್ತಾ ಕೂತಿದ್ದೀವಿ.

ಶರೀಫರು ತತ್ವ ಹೇಳೋಕೆ ಹುಡುಕಿಕೊಂಡು ಹೋದದ್ದು ಎಲ್ಲಿಗೂ ಅಲ್ಲ. ಕಣ್ಣೆದುರಿಗಿದ್ದ ಹುಕ್ಕಾ, ಸೋರೋ ಮಾಳಿಗಿ, ಕೋಳಿ, ಇಷ್ಟರಲ್ಲೇ ಹೇಳಿದ್ರು. ನಮ್ಮ ಕಣ್ಣೆದುರಿಗೇನು ಕಮ್ಮಿಯಾ? ಬ್ಯಾಕ್‌ಲಾಗ್ ಇದೆ, ಪ್ಲೇಸ್‌ಮೆಂಟ್ ಲಿಸ್ಟ್‌ನಲ್ಲಿ ಬಾರದ ಹೆಸರಿದೆ, ಹರಿಹರದಿಂದ ದಿನಾ ನಿಂತುಕೊಂಡೇ ಬರೋ ಬಸ್ಸಿದೆ, ತಿಂಗಳ ಕೊನೆಗೆ ಮಂಡಕ್ಕಿ ಮಿರ್ಚಿಯಲ್ಲೇ ಮುಗಿಯೋ ಸಂಜೆ ಊಟ ಇದೆ. ಆ ಆಲ್ಬಮ್ಮಿಗೆ ನಿಜವಾದ ಗೌರವ ಅಂದ್ರೆ ಅದನ್ನ ಇನ್ನೊಂದು ಸಲ ಕವರ್ ಮಾಡೋದಲ್ಲ, ಅದು ಬಿಟ್ಟ ಕೆಲಸ ಮಾಡೋದು. ಮುಂದಿನ ಫೆಸ್ಟ್‌ಗೆ ಬ್ಯಾಂಡಿನ ಹುಡುಗರು, ಹುಡುಗಿಯರು ಒಂದೇ ಒಂದು ಹಾಡು ಬರೀರಿ. ನಮ್ಮದೇ ಮಾತು, ನಮ್ಮದೇ ‘ಐತೆ’. ಪ್ರಾಸ ತಪ್ಪಿದ್ರೂ ಪರವಾಗಿಲ್ಲ, ನಾವು ಮುಂದಿನ ಸಾಲಲ್ಲಿ ಕೂತು ಕೇಳ್ತೀವಿ.