ಕೊರಿಯನ್ ನಮ್ಮ ನೆಂಟ, ಲಂಬಾಣಿ ಯಾರು?

ಕೊರಿಯನ್ ಭಾಷೆ ನಮ್ಮ ಕಡೆಯಿಂದಲೇ ಹೋದದ್ದು ಎಂಬ ಮಾತನ್ನು ಈ ಸಲದ ಬೋಧನಾಭ್ಯಾಸದಲ್ಲಿ ಎರಡು ಕಡೆ ಕೇಳಿದೆ. ಒಮ್ಮೆ ಕಲಬುರಗಿ ನಗರದ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ, ಇನ್ನೊಮ್ಮೆ ಕಮಲಾಪುರದ ಎಂಟನೇ ತರಗತಿಯಲ್ಲಿ. ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡುವ ಹುಡುಗಿಯೊಬ್ಬಳು, "ಸರ್, ಅಲ್ಲೂ ಅಪ್ಪಗ ಅಪ್ಪಾ ಅಂತಾರಂತ್ರಿ, ಖರೇನ್ರಿ?" ಎಂದಳು.

ಖರೇ. ಕೊರಿಯನ್ ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದೂ ತಾಯಿಯನ್ನು ‘ಒಮ್ಮಾ’ ಎಂದೂ ಕರೆಯುತ್ತಾರೆ. ‘ನಾನು’ ಎನ್ನಲು ‘ನಾ’, ‘ನೀನು’ ಎನ್ನಲು ‘ನೊ’. ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವೂ ನಮ್ಮದೇ. ವಿಭಕ್ತಿ ಪ್ರತ್ಯಯ ನಾಮಪದದ ಬೆನ್ನಿಗೇ ಬರುತ್ತದೆ. ನಮ್ಮ ಭಾಗದವರಿಗೆ ಇನ್ನೂ ಒಂದು ಹೋಲಿಕೆ ಬೇಗ ಹಿಡಿಸುತ್ತದೆ. ನಾವು ಯಾವ ಮಾತಿಗಾದರೂ ‘ರಿ’ ಹಚ್ಚಿ ಮರ್ಯಾದೆ ಕೊಡುತ್ತೇವಲ್ಲ, ‘ಹೌದ್ರಿ’, ‘ಇಲ್ರಿ’, ‘ನಾಳೆರಿ’ ಎಂದು. ಕೊರಿಯನ್ನರು ಹಾಗೆಯೇ ಮಾತಿನ ಕೊನೆಗೆ ‘ಯೋ’ ಹಚ್ಚುತ್ತಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಶಿಕ್ಷಕ 1886ರಲ್ಲಿ ಕೊರಿಯಾಕ್ಕೆ ಹೋದವನು. ಮುಂದೆ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಒಂದು ಪುಸ್ತಕವನ್ನೇ ಬರೆದ. ಇವು ಒಂದೇ ಕುಲದವು ಎಂಬ ಅವನ ವಾದವನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಕಾರಣವನ್ನು ವಿಜ್ಞಾನ ಓದಿದ ನಾವು ತರಗತಿಯಲ್ಲಿ ಸುಲಭವಾಗಿ ಹೇಳಬಹುದು ಎಂಬುದೇ ನನ್ನ ವಾದದ ಮೊದಲ ಭಾಗ.

ಬಾವಲಿಯ ರೆಕ್ಕೆ, ಚಿಟ್ಟೆಯ ರೆಕ್ಕೆ ಎರಡೂ ಹಾರಲು ಇರುವವು. ಅಷ್ಟಕ್ಕೇ ಅವು ಬಳಗವಲ್ಲ. ಇವು ಕಾರ್ಯಾನುರೂಪಿ ಅಂಗಗಳು. ಬಾವಲಿಯ ರೆಕ್ಕೆಯ ಮೂಳೆಗಳು ಹೊಂದುವುದು ನಮ್ಮ ಕೈಮೂಳೆಗಳಿಗೆ, ತಿಮಿಂಗಿಲದ ಈಜುಗಾಲಿಗೆ. ಇವು ರಚನಾನುರೂಪಿ. ಭಾಷೆಗೂ ಇದೇ ಪರೀಕ್ಷೆ. ನಾಲ್ಕು ಶಬ್ದ ಕಿವಿಗೆ ಒಂದೇ ತರಹ ಕೇಳಿದರೆ ಸಾಲದು, ವ್ಯತ್ಯಾಸದಲ್ಲೂ ಒಂದು ನಿಯಮ ಕಾಣಬೇಕು. ನಮ್ಮ ಹಾಲು, ಹುಲಿ, ಹೂ, ಹತ್ತು ಇವು ತೆಲುಗಿನಲ್ಲಿ ಪಾಲು, ಪುಲಿ, ಪುವ್ವು, ಪದಿ. ಹಳಗನ್ನಡದಲ್ಲೂ ಪಾಲ್, ಪುಲಿ, ಪೂ, ಪತ್ತು. ಒಂದು ಕಡೆ ‘ಹ’ ಇದ್ದಲ್ಲೆಲ್ಲ ಇನ್ನೊಂದು ಕಡೆ ‘ಪ’ ಸಾಲಾಗಿ ಬಂದು ನಿಲ್ಲುತ್ತದೆ. ಸೇಡಂ, ಚಿಂಚೋಳಿ ಕಡೆಯ ಮಗು ಒಂದು ತರಗತಿಯಲ್ಲಿದ್ದರೆ ಸಾಕು, ಈ ಪಟ್ಟಿಯನ್ನು ಮಕ್ಕಳೇ ಬೋರ್ಡಿನ ಮೇಲೆ ಬರೆಯುತ್ತಾರೆ. ಕೊರಿಯನ್‌ಗೂ ಕನ್ನಡಕ್ಕೂ ಇಂಥ ಪಟ್ಟಿಯನ್ನು ಯಾರೂ ಒಪ್ಪುವಂತೆ ಮಾಡಿ ತೋರಿಸಿಲ್ಲ.

ಹಾಗಾದರೆ ‘ಅಪ್ಪಾ’? ಮಗುವಿನ ತುಟಿಗೆ ಮೊದಲು ಸಿಗುವ ಧ್ವನಿಗಳು ಪ, ಬ, ಮ. ಅವನ್ನು ತಂದೆತಾಯಿ ತಮ್ಮ ಹೆಸರೆಂದು ಹಿಡಿದುಕೊಳ್ಳುತ್ತಾರೆ ಎಂದು ರೋಮನ್ ಯಾಕಬ್ಸನ್ ಎಂಬ ವಿದ್ವಾಂಸರು ವಿವರಿಸಿದ್ದಾರೆ. ಯಾವ ಧ್ವನಿ ಯಾರ ಪಾಲಿಗೆ ಎಂಬುದು ಊರೂರಿಗೆ ಬೇರೆ. ಇಲ್ಲಿ ಜಾರ್ಜಿಯಾ ದೇಶದ ಭಾಷೆ ಉಪಯೋಗಕ್ಕೆ ಬರುತ್ತದೆ. ಆ ಭಾಷೆಯಲ್ಲಿ ತಂದೆಗೆ ‘ಮಾಮಾ’, ತಾಯಿಗೆ ‘ದೇದಾ’! ಕಮಲಾಪುರದಲ್ಲಿ ಇದನ್ನು ಹೇಳಿದಾಗ ತರಗತಿ ಒಂದು ನಿಮಿಷ ನನ್ನ ಕೈಗೆ ಸಿಗಲಿಲ್ಲ. ಶಬ್ದ ನೋಡಿ ನೆಂಟಸ್ತನ ಹೇಳುವುದಾದರೆ ಜಾರ್ಜಿಯಾದ ಅಪ್ಪಂದಿರೆಲ್ಲ ನಮಗೆ ಸೋದರಮಾವಂದಿರಾಗಬೇಕಾಗುತ್ತದೆ.

ಕೊರಿಯನ್ ಮತ್ತು ಜಾರ್ಜಿಯನ್‌ಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಇನ್ನೂ ಸ್ವಾರಸ್ಯವಿದೆ. ಕೊರಿಯನ್ ಕ್ರಿಯಾಪದದಲ್ಲಿ ನಾನು, ನೀನು, ಅವಳು ಎಂಬ ಗುರುತೇ ಇಲ್ಲ. ಜಾರ್ಜಿಯನ್ ಕ್ರಿಯಾಪದದಲ್ಲಿ ಯಾರು ಮಾಡಿದರು ಎಂಬುದರ ಜೊತೆಗೆ ಯಾರಿಗೆ ಮಾಡಿದರು ಎಂಬುದೂ ಸೇರುತ್ತದೆ. ‘ಗ್ವ್‌ಪ್ರ್‌ತ್ಸ್‌ಕ್‌ವ್ನಿ’ ಎಂಬ ಒಂದೇ ಪದಕ್ಕೆ ‘ನೀನು ನಮ್ಮ ಸಿಪ್ಪೆ ಸುಲಿಯುತ್ತೀ’ ಎಂಬ ಅರ್ಥ; ಎಂಟು ವ್ಯಂಜನ ದಾಟಿದ ಮೇಲೆ ಒಂದು ಸ್ವರ. (ಕೆಂಪು ಬಾಳೆಯ ಊರಿನಲ್ಲಿ ಈ ಪದ ಬೇಗ ಬಾಯಿಪಾಠವಾಯಿತು.) ನಮ್ಮ ‘ಬಂದೆ, ಬಂದಳು’ ಇವೆರಡರ ನಡುವೆ ನಿಲ್ಲುತ್ತವೆ.

ಇಷ್ಟು ದೂರ ಇರುವ ಈ ಎರಡು ಭಾಷೆಗಳಲ್ಲೂ ನಮ್ಮ ‘ಅಂತ’ ಇದೆ. ‘ಬರ್ತೀನಿ ಅಂತ ಹೇಳ್ದ’ ಎನ್ನುವಾಗ ಇನ್ನೊಬ್ಬರ ಮಾತು ಮುಗಿದ ಮೇಲೆ ‘ಅಂತ’ ಬರುತ್ತದಲ್ಲ, ಕೊರಿಯನ್ ಅಲ್ಲಿ ‘ಗೊ’ ಎನ್ನುತ್ತದೆ, ಜಾರ್ಜಿಯನ್ ‘ಒ’ ಎಂಬ ಪ್ರತ್ಯಯ ಹಚ್ಚುತ್ತದೆ. ಇದು ಬಾವಲಿ-ಚಿಟ್ಟೆಯ ಕಥೆ. ಆದರೆ ಕಲಬುರಗಿಯ ಮುಸ್ಲಿಂ ಮನೆಗಳ ದಖನಿಯಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ದಿಲ್ಲಿಯ ಉರ್ದುವಿನಲ್ಲಿ ‘ಕಹಾ ಕಿ’ ಎಂದು ಮೊದಲೇ ಹೇಳಿ ಆಮೇಲೆ ಮಾತು ಬರುತ್ತದೆ. ದಖನಿಯ ‘ಬೋಲ್ಕೆ’ ಕನ್ನಡದ ‘ಅಂತ’, ತೆಲುಗಿನ ‘ಅನಿ’ಗಳ ಜೊತೆ ನೂರಾರು ವರ್ಷ ಬಾಳಿ ಬಂದದ್ದು. ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು: ಅಲ್ಲಿಯ ಕನ್ನಡ, ಮರಾಠಿ, ಉರ್ದು ಎಷ್ಟು ಒಗ್ಗಿವೆಯೆಂದರೆ ಪದಕ್ಕೆ ಪದ ಇಟ್ಟು ವಾಕ್ಯ ಬದಲಿಸಬಹುದು. ಇದು ಕುಲದ ಹೋಲಿಕೆಯಲ್ಲ, ಆಕಸ್ಮಿಕವೂ ಅಲ್ಲ, ನೆರೆಹೊರೆಯ ಹೋಲಿಕೆ.

ನನ್ನ ತಕರಾರು ಇರುವುದು ಇಲ್ಲಿ. ಏಳು ಸಮುದ್ರದಾಚೆಯ ಭಾಷೆಯನ್ನು ನಾಲ್ಕು ಶಬ್ದದ ಮೇಲೆ ನೆಂಟನೆಂದು ಒಪ್ಪುವ ನಾವು, ಮೂರನೇ ಬೆಂಚಿನಲ್ಲಿ ಕೂತ ಭಾಷೆಯನ್ನು ಕೇಳಿಸಿಕೊಳ್ಳುವುದಿಲ್ಲ. ಕಮಲಾಪುರದ ನನ್ನ ತರಗತಿಗೆ ಸುತ್ತಲ ತಾಂಡಾಗಳ ಮಕ್ಕಳು ಬರುತ್ತಿದ್ದರು. ಅವರ ಮನೆಮಾತು ಲಂಬಾಣಿ. ಒಂದು ಪಾಠದ ನಂತರ ಹಿರಿಯರೊಬ್ಬರು ಹಿಮ್ಮಾಹಿತಿ ಕೊಡುತ್ತ, "ಅದೇನು ಭಾಷೆಯೇ? ಲಿಪಿ ಇಲ್ಲ, ವ್ಯಾಕರಣ ಇಲ್ಲ, ಹಿಂದಿ-ಮರಾಠಿ ಕಲಸಿದ್ದು" ಎಂದರು. ಮಕ್ಕಳು ಅಲ್ಲೇ ಪುಸ್ತಕ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಲಿಪಿಯ ಮಾತು ಮೊದಲು. ಕೊರಿಯಾದ ದೊರೆ ಸೆಜೋಂಗ್ ತನ್ನ ಜನರ ಮಾತಿಗೆ ಅಕ್ಷರ ಮಾಡಿಸಿದ್ದು 1443ರಲ್ಲಿ, ಪ್ರಕಟಿಸಿದ್ದು 1446ರಲ್ಲಿ. ಅದಕ್ಕೂ ಮೊದಲು ಅಲ್ಲಿ ಚೀನೀ ಅಕ್ಷರಗಳಲ್ಲೇ ಬರೆಯುತ್ತಿದ್ದರು. 1442ರಲ್ಲಿ ಕೊರಿಯನ್‌ಗೆ ವ್ಯಾಕರಣ ಇರಲಿಲ್ಲವೇ? ಇನ್ನು ಕಲಬೆರಕೆಯ ಮಾತು. ಲಂಬಾಣಿಯ ಪಾಣಿ, ಹಾತ್, ಘರ್ ಹಿಂದಿ, ಮರಾಠಿಗಳಿಗೆ ಹೊಂದುತ್ತವೆ. ಕನ್ನಡದ ಹುಲಿ ತೆಲುಗಿನ ಪುಲಿಗೆ ಹೊಂದುವ ಹಾಗೆಯೇ. ಅದನ್ನು ಒಂದೇ ಕುಲ ಎನ್ನುತ್ತಾರೆ, ಕಲಬೆರಕೆ ಎನ್ನುವುದಿಲ್ಲ. ವಿದ್ವಾಂಸರು ಲಂಬಾಣಿಯನ್ನು ರಾಜಸ್ಥಾನಿ ಗುಂಪಿನ ಹತ್ತಿರ ಇಡುತ್ತಾರೆ. ತಾಯಿಗೆ ಅವರು ಹೇಳುವ ‘ಯಾಡಿ’ ಹಿಂದಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. 2011ರ ಜನಗಣತಿಯಲ್ಲಿ ಲಂಬಾಣಿ ಮಾತಾಡುವವರು 32 ಲಕ್ಷಕ್ಕೂ ಹೆಚ್ಚು. ಆದರೂ ಅವರನ್ನು ಎಣಿಸಿದ್ದು ಹಿಂದಿಯ ಕೆಳಗೆ. ಹಿರಿಯರ ಮಾತಿಗೆ ಅಲ್ಲಿಂದಲೇ ಬಲ ಬಂದಿರಲೂಬಹುದು.

ನಾವು ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಕಡೆ ಹಿಂದಿನ ತರಗತಿಯ ಪುಸ್ತಕದ ವಾಕ್ಯ ಬರೆದು ಕೈತೊಳೆದುಕೊಳ್ಳುತ್ತೇವೆ. ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ಮಗುವಿನ ದೊಡ್ಡ ಪೂರ್ವಜ್ಞಾನ ಆ ಓಡಾಟವೇ. ಹೋಲಿಸುವುದು, ವರ್ಗೀಕರಿಸುವುದು, ನಿಯಮ ಹುಡುಕುವುದು ವಿಜ್ಞಾನದ ಕೆಲಸಗಳೇ ಆದ್ದರಿಂದ ಇದು ಕನ್ನಡ ಶಿಕ್ಷಕರಿಗೆ ಮಾತ್ರ ಬಿಟ್ಟ ವಿಷಯವಲ್ಲ. ವರ್ಗೀಕರಣದ ಪಾಠದ ಕೊನೆಗೆ ನಾನು ಹತ್ತು ನಿಮಿಷ ತೆಗೆದಿಟ್ಟು ಕನ್ನಡ, ತೆಲುಗು, ದಖನಿ, ಲಂಬಾಣಿ ಎಂದು ನಾಲ್ಕು ಅಂಕಣ ಹಾಕಿಸಿದೆ. ನೀರು, ಕೈ, ಮನೆ, ಹಾಲು, ಹತ್ತು ಎಂಬ ಪದಗಳನ್ನು ಕನ್ನಡ ಲಿಪಿಯಲ್ಲೇ ತುಂಬಿಸಿದೆ. ಯಾವ ಎರಡು ಅಂಕಣ ಒಂದು ಗುಂಪು ಎಂದು ಹೇಳಲು ಅವರಿಗೆ ನನ್ನ ಸಹಾಯ ಬೇಕಾಗಲಿಲ್ಲ. ಲಂಬಾಣಿ ಅಂಕಣ ತುಂಬಲು ಬಂದವರು ಅಲ್ಲಿಯವರೆಗೆ ಹಾಜರಿ ಹೇಳುವಾಗ ಮಾತ್ರ ಬಾಯಿ ಬಿಟ್ಟಿದ್ದ ಇಬ್ಬರು.

ಪಠ್ಯ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ವಾರ ನನ್ನ ಘಟಕ ನಿಗದಿಯ ದಿನಕ್ಕೇ ಮುಗಿಯಿತು. ಮುಂದಿನ ತಂಡದಲ್ಲಿ ಕಮಲಾಪುರಕ್ಕೆ ಹೋಗುವವರು ಮೊದಲ ದಿನ ಹಾಜರಿ ಪುಸ್ತಕದ ಜೊತೆಗೆ ಮನೆಮಾತಿನ ಪಟ್ಟಿಯನ್ನೂ ಮಾಡಿಕೊಳ್ಳಲಿ; ನನ್ನ ನಾಲ್ಕು ಅಂಕಣದ ಹಾಳೆ ಕಾಲೇಜಿನ ಪಾಠಯೋಜನೆ ಕಡತದಲ್ಲಿದೆ.