ಬಾವುಟ ಹಿಡಿಯಲು ಎಂ.ಎ. ಏಕೆ?

ಪದವಿ ಮುಗಿಸಿದ ನಿಮ್ಮ ಮಗಳು ಕಾರ್ಮಿಕ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತೇನೆಂದರೆ ನೀವು ಏನೆನ್ನುವಿರಿ? ನನಗೆ ಪರಿಚಯವಿರುವ ಮನೆಯೊಂದರಲ್ಲಿ ತಂದೆ ಕೇಳಿದ್ದು ಇಷ್ಟೇ: "ಬಾವುಟ ಹಿಡಿಯೋದಕ್ಕೂ ಎಂ.ಎ. ಬೇಕೇನಮ್ಮಾ?" ಮನೆಯವರೆಲ್ಲ ನಕ್ಕರು. ಹುಡುಗಿ ಮಾನವ ಸಂಪನ್ಮೂಲ ವಿಷಯದ ಎಂ.ಬಿ.ಎ.ಗೆ ಅರ್ಜಿ ಹಾಕಿದಳು. ಆ ತಂದೆಯಾದರೋ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಸಂಘದವರು ಹೋರಾಡಿ ಕೊಡಿಸಿದ ಬೋನಸ್ಸಿನಿಂದಲೇ ಮಕ್ಕಳ ಶಾಲಾ ಶುಲ್ಕ ಕಟ್ಟಿದವರು.

ಆ ನಗೆಯ ಬಗ್ಗೆ ನನಗೆ ತಕರಾರಿದೆ.

2016ರ ಏಪ್ರಿಲ್ 18 ಮತ್ತು 19ನ್ನು ಬೆಂಗಳೂರಿನವರು ಮರೆತಿರಲಾರರು. ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲನ್ನು ಪಡೆಯಬಹುದು, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವ ತನಕ ಕೈಗೆ ಬಾರದು ಎಂಬುದು ಅದರ ಸಾರ. ದೆಹಲಿಯಲ್ಲಿ ಕುಳಿತು ಬರೆದವರಿಗೆ ಅದು ಮುಪ್ಪಿನ ಆಸರೆಯಾಗಿ ಕಂಡಿರಬಹುದು. ಆದರೆ ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಬೆನ್ನು ಬಗ್ಗಿಸಿ ಹೊಲಿಯುವವರು ಎಷ್ಟು ಮಂದಿ? ಕೆಲವು ವರ್ಷ ದುಡಿದು ಕೆಲಸ ಬಿಡುವುದು, ಬಂದ ಪಿ.ಎಫ್. ಹಣದಿಂದ ಸಾಲ ತೀರಿಸುವುದು, ಮನೆ ಬಾಡಿಗೆಯ ಮುಂಗಡ ಕೊಡುವುದು, ಮತ್ತೆ ಇನ್ನೊಂದು ಕಾರ್ಖಾನೆ ಸೇರುವುದು ಅಲ್ಲಿನ ಬದುಕಿನ ರೀತಿ. ಕಲ್ಲು ತೂರಾಟ, ಲಾಠಿಯೇಟು, ಬಸ್ಸುಗಳಿಗೆ ಬೆಂಕಿ ಎಲ್ಲವೂ ಆದವು. 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಅಧಿಸೂಚನೆ ಹೊರಟ ದಿನಕ್ಕೂ ಬೀದಿ ಹೊತ್ತಿಕೊಂಡ ದಿನಕ್ಕೂ ನಡುವೆ ಎರಡು ತಿಂಗಳಿಗೂ ಮಿಕ್ಕಿ ಕಾಲವಿತ್ತು. ಕಾರ್ಖಾನೆಯ ಗೇಟಿನ ಬಳಿ ನಿಂತು ಆ ಹೆಂಗಸರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು, ಅವರ ಮನೆಯ ಲೆಕ್ಕವನ್ನು ದೆಹಲಿಯ ಅಧಿಕಾರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಬಲ್ಲವರು ಎಷ್ಟಿದ್ದರು? ಆ ಅಧ್ಯಯನ ಕಲಿಸಬೇಕಾದದ್ದು ಇದನ್ನೇ. ಕಾರ್ಮಿಕ ಚಳವಳಿಗಳ ಇತಿಹಾಸ, ಜನರೊಡನೆ ಕುಳಿತು ಅವರೊಳಗಿಂದಲೇ ಮುಂದಾಳುಗಳನ್ನು ಗುರುತಿಸುವ ಬಗೆ, ಸಾರ್ವಜನಿಕ ನೀತಿಯೊಂದು ರೂಪುಗೊಳ್ಳುವ ದಾರಿ. 1948ರ ಕನಿಷ್ಠ ವೇತನ ಕಾಯ್ದೆಯಡಿ ಕರಡು ದರಗಳನ್ನು ಪ್ರಕಟಿಸಿದಾಗ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳ ಅವಕಾಶವಿರುತ್ತಿತ್ತು. ಮಾಲೀಕರ ಪರವಾಗಿ ಬರೆಯಲು ಓದಿದವರಿಗೇನೂ ಕೊರತೆಯಿರಲಿಲ್ಲ. ಹೊಲಿಯುವವಳ ಪರವಾಗಿ?

ನಾವು ಸಾಕಿ ಓದಿಸಿದ ಮಕ್ಕಳೂ ಅದೇ ಕಾಯ್ದೆಗಳನ್ನು ಓದುತ್ತಾರೆ, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಮಾತುಕತೆಗೆ ಕೂರುವ ಎರಡು ಪಕ್ಷಗಳಲ್ಲಿ ಒಂದಕ್ಕೇ ಅವರೆಲ್ಲರನ್ನೂ ಕಳುಹಿಸುತ್ತಿದ್ದೇವೆ. 1949ರಲ್ಲಿ ಯೇಸುಸಭೆಯ ಗುರು ಕ್ವಿನ್ ಎನ್‌ರೈಟ್ ಅವರು ಜಮ್ಶೆಡ್‌ಪುರದಲ್ಲಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲೇ 'ಲೇಬರ್ ರಿಲೇಷನ್ಸ್' ಇತ್ತು. ಇಂದು ಅದನ್ನು ದೇಶವೆಲ್ಲ ಬಲ್ಲದ್ದು ಮ್ಯಾನೇಜ್‌ಮೆಂಟ್ ಶಾಲೆಯೆಂದು. ಸಂಸ್ಥೆಯನ್ನು ನಾನು ದೂರುತ್ತಿಲ್ಲ. ಬೇಡಿಕೆಯಿಟ್ಟವರು ನಾವು, ತಂದೆತಾಯಿಗಳು.

ಸಂಘವೆಂದರೆ ಗಲಾಟೆ, ಅದು ನಮ್ಮಂಥವರಿಗೆ ಹೇಳಿದ್ದಲ್ಲ ಎನ್ನುವ ಹಿರಿಯರಿದ್ದಾರೆ. ಸಂಘ ಕಟ್ಟುವುದು ಕಾರ್ಮಿಕರ ಸಹಜ ಹಕ್ಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲೇ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಬರೆದರು. ಅವರಿಗೆ ಇದನ್ನು ನೆನಪಿಸಿದರೆ ಸಾಕು. ಸಂಬಳದ ಪ್ರಶ್ನೆ ಬೇರೆ. ಸಾಲ ಮಾಡಿ ಓದಿಸುವ ಮನೆಗೆ ಅದು ಸಣ್ಣದಲ್ಲ, ಹೀಗಳೆಯುವ ಹಕ್ಕು ನನಗಿಲ್ಲ. ಕಾರ್ಪೊರೇಟ್ ಕಚೇರಿಯ ಸಂಬಳ ಇಲ್ಲಿ ಬಾರದು, ನಿಜ. ಆದರೂ ದಾರಿ ಮುಚ್ಚಿಲ್ಲ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ 1936ರಿಂದ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2014ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಆರಂಭಿಸಿತು. ಮನೆಮನೆಗೆ ಊಟ ತಲುಪಿಸುವ ಹುಡುಗರಿಗಾಗಿ 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದಿತಲ್ಲ, ಅದರ ಕಲಮುಗಳನ್ನು ಯಾರೋ ಕುಳಿತು ಬರೆಯಲೇಬೇಕಿತ್ತು. ಅದೇ ವರ್ಷ ನವೆಂಬರ್ 21ರಂದು 29 ಕೇಂದ್ರ ಕಾನೂನುಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಿಮ್ಮ ಧರ್ಮಕೇಂದ್ರದಲ್ಲಿ ಅವನ್ನು ಓದಿ ಹೇಳಬಲ್ಲವರು ಒಬ್ಬರಾದರೂ ಇದ್ದಾರೆಯೇ?

ದೂರದ ಮಾತೇಕೆ, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೂ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿತ್ತು. ನಿಮಗೆ ತಿಳಿದಿತ್ತೆ? ನನಗೆ ಬಹುಕಾಲ ತಿಳಿದಿರಲಿಲ್ಲ. ತಿಳಿದಾಗ ನಾನು ಕೊಡುತ್ತಿದ್ದ ಹಣದ ಲೆಕ್ಕ ಹಾಕಿ ನಾಚಿಕೊಂಡೆ. ಕ್ರಿಸ್ಮಸ್‌ಗೆ ಆಕೆಗೆ ಸೀರೆ ಕೊಟ್ಟದ್ದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿದ್ದಿಲ್ಲ!

ಆ ಹುಡುಗಿ ಬಯಸಿದ್ದ ಎಂ.ಎ.ಗೆ ಅರ್ಜಿ ಹಾಕುವ ಕಡೆಯ ದಿನ ಇನ್ನೂ ಕಳೆದಿಲ್ಲ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಅವಳ ತಂದೆಯನ್ನು ಕಂಡು, ಆ ಬೋನಸ್ಸಿನ ಕಥೆಯನ್ನು ಮಗಳಿಗೆ ಎಂದಾದರೂ ಹೇಳಿದ್ದೀರಾ ಎಂದು ಕೇಳಬೇಕೆಂದಿದ್ದೇನೆ.